ಪುಟ್ಟಿಗೆ, ಕೋವ್ ನೋಡಿ ಬಂದ ಮೇಲೆ

ಪ್ರೀತಿಯ ಪುಟ್ಟಿ,

ನಾವು ಕ್ಷೇಮವಾಗಿ ಮನೆ ಮುಟ್ಟಿದ್ದನ್ನು ಫೋನಿನಲ್ಲಿ ಹೇಳಿದ್ದಾಯಿತು. ಅಮ್ಮನ ಮಂಡಿನೋವು ಈಗ ಪರವಾಗಿಲ್ಲ. ಕುಂದಾಪುರದಲ್ಲಿ ಮಳೆ ಇನ್ನೂ ಸರಿಯಾಗಿ ಹಿಡಿದಿಲ್ಲ. ಈ ಪತ್ರ ಬರೆಯುತ್ತಿರುವುದು ಬೇರೆ ವಿಷಯಕ್ಕೆ. ನಾವು ಹೊರಡುವ ಹಿಂದಿನ ರಾತ್ರಿ ನೀನು ಪಾತ್ರೆ ತೊಳೆಯುತ್ತಾ, ನನ್ನ ಕಡೆ ತಿರುಗದೆಯೇ ಕೇಳಿದೆಯಲ್ಲ, 'ಅಪ್ಪಯ್ಯ, ನಾವು ಬಂದು ಐದು ವರ್ಷ ಆಯಿತು, ಇನ್ನು ಐರ್ಲೆಂಡಿನ ಪೌರತ್ವಕ್ಕೆ ಅರ್ಜಿ ಹಾಕಬಹುದು, ಹಾಕಿದರೆ ನಿಮಗೆ ಬೇಜಾರಾ?' ಅಂತ. ನಾನು 'ನೋಡುವ' ಅಂದು ಮಲಗಲು ಹೋದೆ. ನೀನು ಆಮೇಲೆ ತುಂಬಾ ಹೊತ್ತು ನಲ್ಲಿ ಬಿಟ್ಟುಕೊಂಡೇ ನಿಂತಿದ್ದೆ, ಒಳಗೆ ಕೇಳಿಸುತ್ತಿತ್ತು. ಎದುರಿಗೆ ನಿಂತು ಮಾತಾಡಲು ನನಗೆ ಮೊದಲಿನಿಂದಲೂ ಬರುವುದಿಲ್ಲ. 38 ವರ್ಷ ಅಂಚೆ ಕಚೇರಿಯಲ್ಲಿ ಕೂತವನು, ಬರೆಯಲು ಬರುತ್ತದೆ.

ಬುಧವಾರ ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ ನಾನೊಬ್ಬನೇ ಕೋವ್ ಬಂದರಿಗೆ ಹೋಗಿ ಬಂದೆನಲ್ಲ, ಸಂಜೆ ನೀನು ಹೇಗಿತ್ತು ಅಂದಾಗ 'ಚೆನ್ನಾಗಿದೆ, ದೊಡ್ಡ ಚರ್ಚ್ ಇದೆ' ಅಂದಿದ್ದೆ. ಅಷ್ಟೇ ಅಲ್ಲ ನೋಡಿದ್ದು. ಎಲ್ಲ ಹೇಳುತ್ತೇನೆ, ಯಾಕಂದರೆ ನಿನ್ನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಕಾರ್ಕ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಫೋಟಾ ಹತ್ತಿರ ಬರುವಾಗ ಇಳಿತದ ಹೊತ್ತು, ಕೆಸರು ಹೊಳೆಯುತ್ತಿತ್ತು, ಉದ್ದ ಕೊಕ್ಕಿನ ಹಕ್ಕಿಗಳು ಕುಕ್ಕುತ್ತಿದ್ದವು. ಗಂಗೊಳ್ಳಿ ಅಳಿವೆಯನ್ನೇ ನೋಡಿದ ಹಾಗಾಯಿತು ನನಗೆ, ವಾಸನೆ ಕೂಡ ಅದೇ. ರೈಲು ಇಳಿದರೆ ನಿಲ್ದಾಣದ ಹಳೇ ಕಟ್ಟಡದಲ್ಲೇ ಊರಿನ ಚರಿತ್ರೆಯ ಮ್ಯೂಸಿಯಂ. 1848ರಿಂದ 1950ರ ತನಕ ಐರ್ಲೆಂಡ್ ಬಿಟ್ಟು ಹೋದವರು 60 ಲಕ್ಷ ಜನ, ಅದರಲ್ಲಿ 25 ಲಕ್ಷ ಜನ ಈ ಒಂದು ಸಣ್ಣ ಊರಿನ ದಕ್ಕೆಯಿಂದ ಹಡಗು ಹತ್ತಿದವರು. ಮೊದಮೊದಲು ಹೊರಟವರು ಹಸಿವಿನಿಂದ ಹೊರಟವರು. 1845ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು, ಬಡವರಿಗೆ ಊಟ ಅಂದರೆ ಅದೊಂದೇ, ಕೆಲವೇ ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಆಮೇಲೆ ಈ ಊರಿಗೆ ಕ್ವೀನ್ಸ್‌ಟೌನ್ ಅಂತ ಹೆಸರು ಬಂತು. 1849ರಲ್ಲಿ ವಿಕ್ಟೋರಿಯಾ ರಾಣಿ ಬಂದು ಹೋದಾಗ ಇಟ್ಟದ್ದು. ಸ್ವಾತಂತ್ರ್ಯದ ಹೊತ್ತಿಗೆ ಊರವರು ಮತ್ತೆ ಕೋವ್ ಅಂತ ಮಾಡಿಕೊಂಡರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಬಾಟಲಿಯ ಕಥೆ. 1912ರ ಏಪ್ರಿಲ್ 11ರಂದು ಟೈಟಾನಿಕ್ ಕೊನೆಯದಾಗಿ ನಿಂತದ್ದು ಈ ಬಂದರಿನ ಬಾಯಲ್ಲಿ. ಹಡಗು ದೊಡ್ಡದು, ದಕ್ಕೆಗೆ ಬರುವ ಹಾಗಿಲ್ಲ, ಅದಕ್ಕೆ ಸಣ್ಣ ಸ್ಟೀಮರುಗಳಲ್ಲಿ ಜನರನ್ನು ಒಯ್ದರು. ಇಲ್ಲಿಂದ ಹತ್ತಿದವರು 123 ಮಂದಿ, ಅದರಲ್ಲಿ 113 ಜನ ಮೂರನೇ ದರ್ಜೆಯವರು. ಅವರಲ್ಲಿ ಕಾರ್ಕ್ ಪಕ್ಕದ ಗ್ಲಾನ್‌ಮೈರ್‌ನ ಜೆರೆಮಯಾ ಬರ್ಕ್ ಅನ್ನುವ 19 ವರ್ಷದ ಹುಡುಗ ಇದ್ದ. ಹೊರಡುವಾಗ ಅವನ ತಾಯಿ ಒಂದು ಪುಟ್ಟ ಬಾಟಲಿಯಲ್ಲಿ ಚರ್ಚಿನ ತೀರ್ಥ ಕೊಟ್ಟಿದ್ದಳು. ಮರುವರ್ಷ ಅದೇ ಬಾಟಲಿ ಅವನ ಮನೆಯಿಂದ ಸ್ವಲ್ಪ ದೂರದ ದಂಡೆಗೆ ಬಂದು ಬಿದ್ದಿತ್ತು. ಒಳಗೊಂದು ಚೀಟಿ. ಟೈಟಾನಿಕ್‌ನಿಂದ, ಎಲ್ಲರಿಗೂ ವಿದಾಯ, ಗ್ಲಾನ್‌ಮೈರ್‌ನ ಬರ್ಕ್, ಇಷ್ಟೇ ಬರೆದದ್ದು. ಮನೆಯವರು ಅದನ್ನು ಸುಮಾರು ನೂರು ವರ್ಷ ಜೋಪಾನ ಮಾಡಿ ಆಮೇಲೆ ಈ ಮ್ಯೂಸಿಯಂಗೆ ಕೊಟ್ಟರು. ಮಗ ಬರಲಿಲ್ಲ, ತೀರ್ಥದ ಬಾಟಲಿ ಬಂತು. ನಾನು ಅಲ್ಲಿಂದ ಬೇಗ ಕಾಲು ಕೀಳಲಿಲ್ಲ, ಹಿಂದೆ ನಿಂತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ಸುಮ್ನೆ ಪಕ್ಕಕ್ಕೆ ಸರಿದು ಹೋದಳು.

ಇನ್ನೊಂದು ಸಂಗತಿ ಅಲ್ಲೇ ಓದಿದ್ದು. ಮಕ್ಕಳು ಅಮೆರಿಕಕ್ಕೆ ಹೊರಡುವ ಹಿಂದಿನ ರಾತ್ರಿ ಹಳ್ಳಿಯವರೆಲ್ಲ ಮನೆಗೆ ಬಂದು ಸೇರುತ್ತಿದ್ದರು. ಹಾಡು, ಕುಣಿತ, ಊಟ, ಬೆಳಗಾಗುವಾಗ ಅಳು. ಅದಕ್ಕೆ ಅವರು ಇಟ್ಟ ಹೆಸರು, ಸತ್ತವರ ಮನೆಯಲ್ಲಿ ರಾತ್ರಿ ಜಾಗರಣೆ ಕೂರುತ್ತಾರಲ್ಲ, ಅದೇ ಹೆಸರು. ಬದುಕಿರುವ ಮಗಳಿಗೆ. ಯಾಕಂದರೆ ಹೋದವರು ತಿರುಗಿ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಹೋದವರಲ್ಲಿ ಹತ್ತಿರ ಹತ್ತಿರ ಅರ್ಧ ಹೆಣ್ಣುಮಕ್ಕಳು, ಮದುವೆಯಾಗದ ಹುಡುಗಿಯರು, ಅಲ್ಲಿ ಮನೆಗೆಲಸಕ್ಕೆ ಸೇರಿ ಪತ್ರದ ಜೊತೆ ದುಡ್ಡು ಕಳಿಸಿದವರು. ಆ ದುಡ್ಡಿನಲ್ಲಿ ತಂಗಿಯ ಟಿಕೆಟ್, ಅಪ್ಪನ ಗೇಣಿ.

ಇದನ್ನು ಓದುವಾಗ ನನಗೆ ನಮ್ಮ ಅಂಚೆ ಕಚೇರಿಯ ಕಿಟಕಿ ಕಣ್ಣ ಮುಂದೆ ಬಂತು. ಆಗೆಲ್ಲ ನಮ್ಮ ಕಡೆಯ ಅರ್ಧ ಹುಡುಗರು ಮುಂಬಯಿ ಹೋಟೆಲುಗಳಲ್ಲಿ ಇದ್ದರು, ನಿನ್ನ ದೊಡ್ಡಪ್ಪ ಹೋದಾಗ ಅವನಿಗೆ 13 ವರ್ಷ, ಟೇಬಲ್ ಒರೆಸುವ ಕೆಲಸ, ನಾಲ್ಕು ವರ್ಷ ಊರು ಕಾಣಲಿಲ್ಲ. ತಿಂಗಳ ಮೊದಲ ವಾರ ಮನಿಯಾರ್ಡರ್‌ಗೆ ಸಾಲು. ಒಬ್ಬಳು ಅಜ್ಜಿ ಇದ್ದಳು, ದುಡ್ಡು ಎಣಿಸಿ ಕೊಟ್ಟರೆ ಮುಟ್ಟುತ್ತಲೇ ಇರಲಿಲ್ಲ, ಮೊದಲು ಕೆಳಗಿನ ಕೂಪನ್ ಓದಿ ಅನ್ನುತ್ತಿದ್ದಳು. ಅದರಲ್ಲಿ ಎರಡು ಸಾಲಿಗೆ ಮಾತ್ರ ಜಾಗ. 'ನಾನು ಕ್ಷೇಮ, ಹಬ್ಬಕ್ಕೆ ರಜೆ ಸಿಕ್ಕುವುದಿಲ್ಲ.' ಇನ್ನೊಮ್ಮೆ ಓದಿ ಅನ್ನುವಳು. ಓದುತ್ತಿದ್ದೆ. ಆಮೇಲೆ ಆ ಚೂರು ಕಾಗದ ಮಡಚಿ ಎಲೆಅಡಿಕೆ ಸಂಚಿಗೆ, ದುಡ್ಡು ಸೆರಗಿಗೆ. ಅವಳಿಗೆ ಯಾವುದು ಮುಖ್ಯ ಅಂತ ಅಷ್ಟು ವರ್ಷ ನೋಡಿಯೂ, ನಿನ್ನನ್ನು ಕಳಿಸುವ ದಿನ ನಾನು ಮಾಡಿದ್ದೇನು ಹೇಳು? ನಿನ್ನ ಪೆಟ್ಟಿಗೆಯನ್ನು ಮೂರು ಸಲ ತೂಕ ಮಾಡಿದೆ. 23 ಕಿಲೋ ದಾಟಿತು ಅಂತ ಅಮ್ಮ ಇಟ್ಟ ಹಪ್ಪಳದ ಕಟ್ಟು ತೆಗೆದೆ. ಬೆಂಗಳೂರು ವಿಮಾನ ನಿಲ್ದಾಣದ ಬಾಗಿಲಲ್ಲಿ ನೀನು ಕಾಲಿಗೆ ಬಿದ್ದು ಎದ್ದಾಗ 'ಪಾಸ್‌ಪೋರ್ಟ್ ಎಲ್ಲಿಟ್ಟೆ?' ಅಂತ ಕೇಳಿದೆ. ಅದೊಂದೇ ಮಾತು. ಅದು ನನ್ನೊಳಗೆ ಕೂತುಬಿಟ್ಟಿದೆ ಪುಟ್ಟಿ.

ಹೊರಗೆ ದಕ್ಕೆಯ ಮೇಲೆ ಆನಿ ಮೂರ್ ಅನ್ನುವ ಹುಡುಗಿಯ ಪ್ರತಿಮೆ ಇದೆ, ಇಬ್ಬರು ತಮ್ಮಂದಿರ ಜೊತೆ. 1892ರ ಜನವರಿ 1ರಂದು ನ್ಯೂಯಾರ್ಕ್‌ನ ಎಲ್ಲಿಸ್ ದ್ವೀಪದಲ್ಲಿ ವಲಸೆ ಕಚೇರಿ ತೆರೆದಾಗ ಮೊದಲು ಒಳಗೆ ಹೋದವಳು ಅವಳು, ಹತ್ತು ಡಾಲರಿನ ಚಿನ್ನದ ನಾಣ್ಯ ಕೊಟ್ಟರಂತೆ. ಅಪ್ಪ ಅಮ್ಮ ಮೊದಲೇ ಅಲ್ಲಿಗೆ ಹೋಗಿದ್ದರು. ಚಿಕ್ಕವರನ್ನು ಕಟ್ಟಿಕೊಂಡು ಸಮುದ್ರ ದಾಟಿದಳಲ್ಲ, ಆ ಧೈರ್ಯ ನೋಡು. ನೀನು ಮೊದಲ ಚಳಿಗಾಲದಲ್ಲಿ ಬಾಡಿಗೆ ಮನೆ ಸಿಗದೆ ಒಂದೂವರೆ ತಿಂಗಳು ಗೆಳತಿಯ ಕೋಣೆಯಲ್ಲಿ ನೆಲದ ಮೇಲೆ ಮಲಗಿದ್ದೆ ಅಂತ ಅಳಿಯಂದಿರು ಈ ಸಲ ಹೇಳಿದರು. ನಮಗೆ ಹೇಳಲೇ ಇಲ್ಲ ನೀನು. ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಅನ್ನುತ್ತಿದ್ದೆ, ಥೇಟ್ ಆ ಕೂಪನ್ ಹಾಗೆ.

ಆಮೇಲೆ ಏರು ಹತ್ತಿ ಚರ್ಚಿಗೆ ಹೋದೆ. ಸೇಂಟ್ ಕೋಲ್ಮನ್ ಅಂತ ಹೆಸರು, 1868ರಲ್ಲಿ ಶುರು ಮಾಡಿ ಮುಗಿಸಲು ಹೆಚ್ಚುಕಡಿಮೆ ಐವತ್ತು ವರ್ಷ ಹಿಡಿಯಿತು. ಪರದೇಶಕ್ಕೆ ಹೋದವರೂ ದುಡ್ಡು ಕಳಿಸಿದ್ದರು, ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮುಂಬಯಿಯಿಂದ ಬರುತ್ತಿತ್ತಲ್ಲ, ಹಾಗೆ. ಗೋಪುರದಲ್ಲಿ 49 ಗಂಟೆಗಳಿವೆ. ನಾನು ಮೆಟ್ಟಿಲ ಮೇಲೆ ಕೂತು ನೀನು ಕಟ್ಟಿಕೊಟ್ಟ ಚಪಾತಿ ತಿಂದೆ.

ಅಲ್ಲಿಂದ ಎದುರಿಗೆ ಹಾಲ್‌ಬೋಲಿನ್ ದ್ವೀಪ ಕಾಣುತ್ತದೆ, ಅದು ಅವರ ನೌಕಾಪಡೆಯ ನೆಲೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಈ ಕಡೆಯ ಸಮುದ್ರದ ಮೇಲೆ ಬಾಂಬಿಗೆ ಒಡೆದು ಬಿತ್ತು. 329 ಜನ, ಜಾಸ್ತಿ ಮಂದಿ ನಮ್ಮ ದೇಶದಿಂದ ಕೆನಡಾಕ್ಕೆ ಹೋಗಿ ನೆಲೆಸಿದವರು, ಮಕ್ಕಳನ್ನು ಕರೆದುಕೊಂಡು ಊರಿಗೆ ಹೊರಟವರು. ಐರಿಶ್ ನೌಕಾಪಡೆಯ ಹುಡುಗರು ಸಮುದ್ರಕ್ಕೆ ಇಳಿದು ಶವಗಳನ್ನು ಎತ್ತಿದರು. ಸಿಕ್ಕಿದ್ದು 131. ಕಾರ್ಕ್‌ನ ಆಸ್ಪತ್ರೆಗೆ ತಂದರು. ಪಶ್ಚಿಮಕ್ಕೆ ಅಹಾಕಿಸ್ಟಾ ಅನ್ನುವ ಪುಟ್ಟ ಹಳ್ಳಿಯಲ್ಲಿ ಸಮುದ್ರಕ್ಕೆ ಮುಖ ಮಾಡಿ ಸ್ಮಾರಕ ಕಟ್ಟಿದ್ದಾರೆ, ಪ್ರತಿ ವರ್ಷ ಅದೇ ದಿನ ಸೇರುತ್ತಾರೆ. ಮೊದಲು ಕೂಡ ಹಾಗೆಯೇ ಮಾಡಿದ ಜನ ಇವರು. 1915ರ ಮೇ 7ರಂದು ಜರ್ಮನ್ ಸಬ್‌ಮರೀನ್ ಹೊಡೆದು ಲೂಸಿಟಾನಿಯಾ ಹಡಗು 18 ನಿಮಿಷದಲ್ಲಿ ಮುಳುಗಿದಾಗ, ಸಿಕ್ಕ ಸಿಕ್ಕ ದೋಣಿ ಹಾಕಿಕೊಂಡು ಹೋಗಿ ಬದುಕಿದವರನ್ನೂ ಸತ್ತವರನ್ನೂ ಈ ದಕ್ಕೆಗೇ ತಂದರು. ಊರಿನ ಹಳೇ ಸ್ಮಶಾನದಲ್ಲಿ 150ಕ್ಕೂ ಹೆಚ್ಚು ಜನರನ್ನು ಮಣ್ಣು ಮಾಡಿದ್ದಾರೆ. ಎಷ್ಟೋ ಮಂದಿಯ ಹೆಸರು ಕೂಡ ಅವರಿಗೆ ಗೊತ್ತಿರಲಿಲ್ಲ.

ಆ ಮೆಟ್ಟಿಲ ಮೇಲೆ ಕೂತಾಗಲೇ ನನ್ನ ಮನಸ್ಸು ಗಟ್ಟಿಯಾಗಿತ್ತು, ನೀನು ಕೇಳಿದ್ದು ಅದಾದ ಮೇಲೆ. ಗುರುತಿಲ್ಲದವರನ್ನು ತಮ್ಮವರ ಹಾಗೆ ನೋಡಿಕೊಂಡ ಜನರ ನಡುವೆ ನೀನು ಮನೆ ಮಾಡಿದರೆ ನನಗೇನೂ ಭಯ ಇಲ್ಲ. ನನಗೆ ಬೇಜಾರು ಇಲ್ಲ ಅಂದರೆ ಸುಳ್ಳಾಗುತ್ತದೆ. ಇದೆ. ನೀನು ನಮ್ಮ ದೇಶದ ಪಾಸ್‌ಪೋರ್ಟ್ ವಾಪಸು ಕೊಡುವ ದಿನ ಬೆಳಗ್ಗೆ ನಾನು ಊಟ ಮಾಡುತ್ತೇನೋ ಇಲ್ಲವೋ. ಆದರೆ ಅದು ನನ್ನ ಬೇಜಾರು, ನೀನು ಹೊರುವುದು ಬೇಡ. ಆ ತಾಯಂದಿರಿಗೆ ಮಗಳ ದನಿ ಮತ್ತೆ ಕೇಳುವ ಯೋಗ ಇರಲಿಲ್ಲ. ನಾನು ನಿನ್ನೆ ಸಂಜೆ ತಾನೇ ನಿನ್ನ ದನಿ ಕೇಳಿದೆ, ಹಿಂದೆ ಕುಕ್ಕರ್ ಕೂಗಿದ್ದು ಕೂಡ. ಅರ್ಜಿ ಹಾಕು. ಅಮ್ಮನಿಗೂ ಹೇಳಿದ್ದೇನೆ, ಸ್ವಲ್ಪ ಅತ್ತಳು, ಆಮೇಲೆ 'ಹಾಕಲಿ' ಅಂದಳು. ಒಂದೇ ಕೇಳಿಕೊಳ್ಳುವುದು, ನೆಲದ ಮೇಲೆ ಮಲಗುವ ಕಾಲ ಮತ್ತೆ ಬಂದರೆ ನಮಗೆ ಹೇಳು.

ಅರ್ಜಿಗೆ ಜನನ ಪ್ರಮಾಣಪತ್ರ ಬೇಕಾಗುತ್ತದಲ್ವಾ? ನಿನ್ನದು ಕಬ್ಬಿಣದ ಪೆಟ್ಟಿಗೆಯಲ್ಲಿ ಇತ್ತು, ತೆಗೆದು ನೋಡಿದೆ, ಮಡಿಕೆಯಲ್ಲಿ ಹರಿದಿದೆ, ಅಮ್ಮನ ಹೆಸರಿನ ಸ್ಪೆಲ್ಲಿಂಗ್ ಕೂಡ ತಪ್ಪು. ಸೋಮವಾರ ಪುರಸಭೆಗೆ ಹೋಗಿ ಸರಿ ಮಾಡಿಸಿ ಹೊಸ ಪ್ರತಿ ತರುತ್ತೇನೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತೇನೆ, ಜೊತೆಗೆ ಹಪ್ಪಳದ ಕಟ್ಟು ಬೇರೆ ಪಾರ್ಸೆಲ್.

ಇಂತೀ ನಿನ್ನ
ಅಪ್ಪಯ್ಯ