ಲೇಸ್ ಪಾದದ ಮೇಲಿರಲಿ, ಅಂಗಾಲಿಗೆ ಬೇಡ

ಮಾನ್ಯರೇ,

ಚಿಕ್ಕಮಗಳೂರಿನ ಮಾರಾಟ ಮೇಳಗಳಲ್ಲಿ ಸ್ವಸಹಾಯ ಸಂಘದ ಮಹಿಳೆಯರು ಹೆಣೆದ ಲೇಸ್ ಸಾಕ್ಸ್ ಈಚೆಗೆ ಕಾಣುತ್ತಿವೆ. ನೋಡಲು ಚೆಂದ. ಆದರೆ ದಾರ ಪೂರ್ತಿ ಆಕ್ರಿಲಿಕ್, ತೂತಿನ ಡಿಸೈನು ಹಿಮ್ಮಡಿ, ಅಂಗಾಲಿನವರೆಗೂ ಇಳಿದಿದೆ. ತೂತಿನ ಸುತ್ತ ಒಂದೊಂದೇ ಎಳೆ ಮೈಭಾರ ಹೊರುವುದರಿಂದ ಸವೆತ ಅಲ್ಲಿಂದಲೇ ಶುರು. ಇಂಥವು ಮಲೆನಾಡಿನ ಒಂದು ಮಳೆಗಾಲವನ್ನೂ ತಾಳುವುದಿಲ್ಲ. ತಪ್ಪು ಹೆಣೆದವರದ್ದಲ್ಲ, ತರಬೇತಿಯದ್ದು.

ಕಲಿಸಬೇಕಾದದ್ದು ಹೀಗೆ. ಶೇ 75 ಉಣ್ಣೆ, ಶೇ 25 ನೈಲಾನ್ ಇರುವ ಸಾಕ್ಸ್ ದಾರ 100 ಗ್ರಾಂ, ಅಂದರೆ ಸುಮಾರು 400 ಮೀಟರ್, ಒಂದು ಜೊತೆಗೆ ಸಾಕು. ಆಕ್ರಿಲಿಕ್ ಬೆವರು ಹೀರುವುದಿಲ್ಲ. ಒದ್ದೆ ಮಾಡಿ ಎಳೆದು ಒಣಗಿಸಿದರೂ ಲೇಸ್ ಬಿಡಿಸಿಕೊಳ್ಳುವುದಿಲ್ಲ.

ಎರಡೂ ತುದಿ ಚೂಪಾದ 2.25 ಅಥವಾ 2.5 ಮಿ.ಮೀ. ಕಡ್ಡಿ ಐದು ಬೇಕು. ಇಂಚಿಗೆ 8 ಕುಣಿಕೆ ಬರುವ ಕೈಯಾದರೆ, 9 ಇಂಚು ಸುತ್ತಳತೆಯ ಪಾದಕ್ಕೆ 64 ಕುಣಿಕೆ. ಸಾಕ್ಸ್ ಪಾದಕ್ಕಿಂತ ಒಂದಿಂಚು ಕಿರಿದಾಗಿದ್ದರೇ ಜಾರದೆ ನಿಲ್ಲುವುದು. ಮೊದಲು ಕುಣಿಕೆ ಎತ್ತುವ ಮೇಲಂಚು ಬಿಗಿಯಾದರೆ ಹಿಮ್ಮಡಿಯೇ ತೂರುವುದಿಲ್ಲ. ಎರಡು ಕಡ್ಡಿ ಜೋಡಿಸಿ ಎತ್ತಿದರೆ ಕುಣಿಕೆ ದೊಡ್ಡದಾಗುತ್ತದೆ ಅಷ್ಟೆ, ಅಂಚು ಹಿಗ್ಗುವುದಿಲ್ಲ. ಕುಣಿಕೆಗಳ ನಡುವೆ ಚೂರು ಅಂತರ ಬಿಡಬೇಕು. ಎರಡು ಸೀದಾ, ಎರಡು ಉಲ್ಟಾ ಹದಿನೈದು ಸುತ್ತು ಆದ ಮೇಲೆ ಡಿಸೈನು.

8 ಕುಣಿಕೆಯ ಡಿಸೈನಾದರೆ ಕಾಲಿನ ಸುತ್ತ 8 ಸಲ, ಪಾದದ ಮೇಲೆ 4 ಸಲ ಕೂರುತ್ತದೆ. ಕಡ್ಡಿಗೆ ದಾರ ಸುತ್ತಿ ತೂತು ಮಾಡಿದಾಗಲೆಲ್ಲ ಎರಡು ಕುಣಿಕೆ ಸೇರಿಸಿ ಒಂದು ಕಡಿಮೆ ಮಾಡಲೇಬೇಕು. ಹೀಗೆ ಸುತ್ತಿದ ದಾರ ಕಡ್ಡಿ ಬದಲಾಗುವ ಕಡೆ ಬಂದರೆ ಸದ್ದಿಲ್ಲದೆ ಜಾರಿಬಿಡುತ್ತದೆ. ಡಿಸೈನನ್ನು ಒಂದೆರಡು ಕುಣಿಕೆ ಸರಿಸಿ ಆ ದಾರ ಕಡ್ಡಿಯ ನಡುವೆ ಬರುವಂತೆ ಮಾಡಿಕೊಳ್ಳಿ. ಎಲೆಯ ಡಿಸೈನಾದರೆ, ಬಲ ಅಂಚಿಗೂ ಎಡ ಅಂಚಿಗೂ ಕುಣಿಕೆಗಳನ್ನು ಒಂದೇ ಬಗೆಯಲ್ಲಿ ಸೇರಿಸಿದರೆ ಒಂದು ಕಡೆ ಗರಗಸದಂತಾಗುತ್ತದೆ. ಒಂದು ಡಿಸೈನ್ ಮುಗಿದಾಗೊಮ್ಮೆ ಕಡ್ಡಿಯ ಮೇಲಿನ ಕುಣಿಕೆಗಳಲ್ಲೆಲ್ಲ ನುಣುಪಾದ ಹತ್ತಿ ದಾರ ಪೋಣಿಸಿಡಿ. ಬಿಚ್ಚಬೇಕಾದರೆ ಅಲ್ಲಿಗೇ ನಿಲ್ಲುತ್ತದೆ.

ನಿಜವಾದ ಕೆಲಸ ಹಿಮ್ಮಡಿಯದ್ದು. 32 ಕುಣಿಕೆ ತೆಗೆದುಕೊಂಡು, ಪ್ರತಿ ಸಾಲಿನ ಮೊದಲ ಕುಣಿಕೆ ಹೆಣೆಯದೆ ದಾಟಿಸುತ್ತ 32 ಸಾಲು. ಸಾಲನ್ನು ಮಧ್ಯದಲ್ಲೇ ತಿರುಗಿಸಿ ಕುಣಿಕೆ ಸೇರಿಸುತ್ತ ಹಿಮ್ಮಡಿಗೆ ಬಾಗು ಕೊಟ್ಟಾಗ 18 ಉಳಿಯುತ್ತವೆ. ಪಕ್ಕಗಳಿಂದ ಹದಿನಾರು ಹದಿನಾರು ಎತ್ತಿ, ಪಾದದ ಮೇಲ್ಭಾಗಕ್ಕೆ ಬಿಟ್ಟಿದ್ದ 32 ಸೇರಿಸಿದರೆ 82. ಸುತ್ತು ಬಿಟ್ಟು ಸುತ್ತಿಗೆ ಎರಡರಂತೆ ಒಂಬತ್ತು ಸಲ ಕಳೆದರೆ ಮತ್ತೆ 64. ಮೂಲೆಯಲ್ಲಿ ತೂತು ಬೀಳದಂತೆ ಅಲ್ಲೊಂದು ಕುಣಿಕೆ ಹೆಚ್ಚಿಗೆ ಎತ್ತಿ ಮುಂದಿನ ಸುತ್ತಿನಲ್ಲಿ ಪಕ್ಕದ್ದಕ್ಕೆ ಸೇರಿಸಿಬಿಡಿ. ಅಂಗಾಲು ಬರೀ ಸೀದಾ. ತುದಿಗೆ ಎರಡಿಂಚು ಇರುವಾಗ ಸುತ್ತು ಬಿಟ್ಟು ಸುತ್ತಿಗೆ ನಾಲ್ಕು ಕಳೆದು 32, ಆಮೇಲೆ ಪ್ರತಿ ಸುತ್ತಿಗೂ ಕಳೆದು 16ಕ್ಕೆ ತಂದು ಸೂಜಿಯಿಂದ ಜೋಡಿಸಬೇಕು. ಇಲ್ಲಿ ದಪ್ಪ ಹೊಲಿಗೆ ಹಾಕಿದರೆ ಬೆರಳಿಗೆ ಒತ್ತುತ್ತದೆ.

ಒಗೆಯುವಾಗ ಬಿಸಿ ನೀರು, ಉಜ್ಜುವುದು ಎರಡೂ ಬೇಡ; ಉಣ್ಣೆ ಗಂಟುಕಟ್ಟಿ ಕುಗ್ಗುತ್ತದೆ. ಟವೆಲ್‌ನಲ್ಲಿ ಸುತ್ತಿ ಹಿಂಡಿ, ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಹರವಿದರಾಯಿತು.

ತರಬೇತಿ ಕೊಡುವ ಇಲಾಖೆಯವರು ಆಕ್ರಿಲಿಕ್ ಉಂಡೆಗಳ ಬದಲು ಸಾಕ್ಸ್ ದಾರ ಒದಗಿಸಲಿ. ಮೊದಲ ಜೊತೆ ಲೇಸ್ ಇಲ್ಲದ್ದೇ ಹೆಣೆಸಲಿ. ಹಿಮ್ಮಡಿ ಕೈಗೆ ಕೂತವರಿಗೆ ಮಾತ್ರ ಡಿಸೈನಿನ ಹಾಳೆ ಕೊಡಲಿ.

– ಹೆಣಿಗೆ ಕಲಿಸುವವರೊಬ್ಬರು, ಚಿಕ್ಕಮಗಳೂರು