ಗೀಸರ್, ಎದೆಯುರಿ ಮತ್ತು ನಿನ್ನ ಉದ್ದದ ಪಟ್ಟಿ

ತಿಪಟೂರು

ಚಿ. ಸೌ. ಕಾವ್ಯಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಚೆನ್ನಾಗಿದ್ದೇವೆ. ಬೆಂಗಳೂರಿನಲ್ಲಿ ನೀವು ಹೊಸ ಬಾಡಿಗೆ ಮನೆ ಸೇರಿದ ಸುದ್ದಿ ನಿಮ್ಮಮ್ಮ ಹೇಳಿದಳು. ನಿನ್ನ ಪಟ್ಟಿಯೂ ಬಂತು. ಗೀಸರ್ ಯಾವುದು, ಆರ್‌ಒ ಬೇಕಾ ಬೇಡ್ವಾ, ಮಿಕ್ಸಿ ಎಷ್ಟು ವ್ಯಾಟ್, ಅದರ ಮಧ್ಯೆ ಸದ್ದಿಲ್ಲದೆ 'ಎದೆಯುರಿಗೆ ಯಾವ ಮಾತ್ರೆ' ಅಂತ ಒಂದು ಸಾಲು. ನಿಮ್ಮ ದೊಡ್ಡಪ್ಪ ಓದಿ, "ಅರ್ಧ ನನ್ನ ಪಾಲು, ಅರ್ಧ ನಿನ್ನ ಪಾಲು" ಅಂದರು. ಅವರು ರಿಪೇರಿ ಅಂಗಡಿಯಲ್ಲಿ, ನಾನು ಆಸ್ಪತ್ರೆಯಲ್ಲಿ ನರ್ಸಾಗಿ ಆಯುಸ್ಸು ಕಳೆದವರು. ಅವರ ಗಿರಾಕಿಗಳೂ ನನ್ನ ರೋಗಿಗಳೂ ಒಂದೇ ಥರ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಿದ್ದರು. ಮುಂದಿನ ದೊಡ್ಡ ಅಕ್ಷರ ಓದಿ ತಗೊಂಡಿರುತ್ತಾರೆ, ಹಿಂದಿನ ಸಣ್ಣ ಅಕ್ಷರ ನೋಡಿರುವುದಿಲ್ಲ. ಮಾತ್ರೆಯಾಗಲಿ ಮೆಷೀನಾಗಲಿ, ತಿರುಗಿಸಿ ನೋಡುವ ಅಭ್ಯಾಸ ಮಾಡಿಕೋ.

ಮೊದಲು ಎದೆಯುರಿ. ರಾತ್ರಿ ಹತ್ತೂವರೆಗೆ ಊಟ, ಹನ್ನೊಂದಕ್ಕೆ ಹಾಸಿಗೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಾಫಿ. ಉರಿಯದೆ ಇನ್ನೇನಾಗುತ್ತೆ? ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಬಿಡುವಿರಲಿ. ತಲೆದಿಂಬು ಜಾಸ್ತಿ ಮಾಡಿದರೆ ಕತ್ತು ನೋಯುತ್ತದೆ ಅಷ್ಟೇ. ಮಂಚದ ತಲೆಕಡೆ ಕಾಲಿನ ಕೆಳಗೆ ಒಂದೊಂದು ಇಟ್ಟಿಗೆ ಇಡಿಸು, ಅದು ಉಪಯೋಗಕ್ಕೆ ಬರುತ್ತದೆ. ನಿನ್ನ ಆಫೀಸಿನವರೆಲ್ಲ ನುಂಗುವ ಆ ಪ್ಯಾಂಟೊಪ್ರಜೋಲ್ ಕೆಟ್ಟ ಮಾತ್ರೆಯಲ್ಲ. ಆದರೆ ಅದನ್ನು ತಿಂಡಿಗೆ ಅರ್ಧ ಗಂಟೆ ಮುಂಚೆ ತಗೋಬೇಕು, ಉರಿ ಶುರುವಾದ ಮೇಲೆ ನುಂಗಿದರೆ ತಕ್ಷಣ ಏನೂ ಆಗುವುದಿಲ್ಲ. ನಿನ್ನಷ್ಟಕ್ಕೆ ನೀನೇ ಎರಡು ವಾರಕ್ಕಿಂತ ಜಾಸ್ತಿ ಮುಂದುವರಿಸಬೇಡ. ಅಷ್ಟಾದರೂ ನಿಲ್ಲದಿದ್ದರೆ, ನುಂಗುವಾಗ ಸಿಕ್ಕಿಕೊಂಡ ಹಾಗಾದರೆ, ಮಲ ಕಪ್ಪಗೆ ಬಂದರೆ ಡಾಕ್ಟರ ಹತ್ತಿರ ಹೋಗು. ಇನ್ನೊಂದು, ತಲೆನೋವು ಬೆನ್ನುನೋವು ಅಂತ ಖಾಲಿ ಹೊಟ್ಟೆಗೆ ನೋವಿನ ಮಾತ್ರೆ ತಗೊಳ್ಳುತ್ತಿದ್ದರೆ ಉರಿಯ ಮೂಲ ಅದೇ ಇರಬಹುದು.

ಒಂದು ಮಾತು ಮಾತ್ರ ನಿನ್ನ ಗಂಡನಿಗೂ ಓದಿ ಹೇಳು. ಎದೆ ಮೇಲೆ ಭಾರ ಇಟ್ಟಂತಾಗಿ, ಬೆವರು ಕಿತ್ತು, ನೋವು ತೋಳಿಗೋ ದವಡೆಗೋ ಹರಡಿದರೆ ಅದನ್ನು ಗ್ಯಾಸ್ ಅಂತ ಸೋಡಾ ಕುಡಿದು ಮಲಗುವ ಹಾಗಿಲ್ಲ. ಹೆಂಗಸರಿಗೆ ಕೆಲವು ಸಲ ಎದೆನೋವೇ ಇರುವುದಿಲ್ಲ. ಉಸಿರು ಕಟ್ಟುವುದು, ವಾಕರಿಕೆ, ವಿಪರೀತ ಸುಸ್ತು ಇಷ್ಟೇ. 108ಕ್ಕೆ ಫೋನ್ ಮಾಡಿ, ಹತ್ತಿರದಲ್ಲಿ ಇಸಿಜಿ ತೆಗೆಯುವ ಆಸ್ಪತ್ರೆಗೆ ಹೋಗಿ. ಹಳ್ಳಿ ಕಡೆ ಇರುವ ನಿನ್ನ ಅತ್ತೆ ಮಾವನಿಗೂ ತಿಳಿಸು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಬೆಂಗಳೂರಿಗೇ ಹೋಗೋಣ ಅಂತ ಮೂರು ಗಂಟೆ ಕಾರಿನಲ್ಲಿ ಕಳೆಯುವವರು ಈಗಲೂ ಇದ್ದಾರೆ.

ಜ್ವರದ ವಿಷಯ. ಪ್ಯಾರಾಸಿಟಮಾಲ್ ಸಾಕು. ಡೋಲೋ ಅಂತ ಎಲ್ಲರೂ ಕರೆಯುವುದೂ ಅದನ್ನೇ. 650ರ ಮಾತ್ರೆಯಾದರೆ ಆರು ಗಂಟೆಗೊಂದು, ದಿನಕ್ಕೆ ನಾಲ್ಕು ಮೀರಬೇಡ. ಇಲ್ಲೇ ತಿರುಗಿಸಿ ನೋಡುವ ಕೆಲಸ ಬರುವುದು. ನೆಗಡಿಗೆ ಅಂತ ಮೆಡಿಕಲ್ ಸ್ಟೋರಿನವನು ಕೊಡುವ ಮಾತ್ರೆಯ ಹಿಂದೆ ಓದು, ಬಹಳಷ್ಟರಲ್ಲಿ ಪ್ಯಾರಾಸಿಟಮಾಲ್ ಸೇರಿಸಿಯೇ ಇರುತ್ತಾರೆ. ಜ್ವರಕ್ಕೊಂದು ನೆಗಡಿಗೊಂದು ಅಂತ ನುಂಗುವವರು ಒಂದೇ ಔಷಧಿಯನ್ನು ಎರಡು ಸಲ ನುಂಗುತ್ತಿರುತ್ತಾರೆ. ಅದು ಜಾಸ್ತಿಯಾದರೆ ಪೆಟ್ಟು ಬೀಳುವುದು ಪಿತ್ತಜನಕಾಂಗಕ್ಕೆ. ಸ್ಟ್ರಿಪ್ಪಿನ ಎಡಗಡೆ ಉದ್ದಕ್ಕೂ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ತಗೊಳ್ಳಬಾರದ ಮಾತ್ರೆ. ಆಂಟಿಬಯಾಟಿಕ್‌ಗಳ ಮೇಲೆ ಈ ಗೆರೆ ಇರುತ್ತದೆ. ನೆಗಡಿ ಬರುವುದು ವೈರಸ್ಸಿನಿಂದ, ಆಂಟಿಬಯಾಟಿಕ್ ಅದಕ್ಕೆ ಏನೂ ಮಾಡುವುದಿಲ್ಲ. ಮೆಣಸು, ಜೀರಿಗೆ, ಧನಿಯಾ ಹಾಕಿದ ಕಷಾಯ ಕುಡಿ, ಗಂಟಲಿಗೆ ಹಿತವಾಗಿರುತ್ತೆ. ಅದು ಜ್ವರ ಇಳಿಸುತ್ತೆ ಅಂತ ಮಾತ್ರ ನಂಬಬೇಡ.

ಮಳೆಗಾಲದ ಜ್ವರ ಅಂದರೆ ಡೆಂಗಿ ಇರಬಹುದು ಅಂತಲೇ ಇಟ್ಟುಕೋ. 2024ರಲ್ಲಿ ನಮ್ಮ ರಾಜ್ಯದಲ್ಲಿ ಅದನ್ನು ಸಾಂಕ್ರಾಮಿಕ ಅಂತ ಘೋಷಿಸಬೇಕಾಯಿತು, ನೆನಪಿದೆಯಲ್ವಾ? ರಕ್ತಪರೀಕ್ಷೆ ಆಗುವವರೆಗೆ ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್ ಮುಟ್ಟಬೇಡ, ರಕ್ತಸ್ರಾವ ಜಾಸ್ತಿಯಾಗುತ್ತದೆ. ಜ್ವರ ಬಿಟ್ಟಿತು ಅಂತ ಎಲ್ಲರೂ ನಿರಾಳವಾಗುವ ಹೊತ್ತೇ ಅಪಾಯದ್ದು. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಅಡ್ಮಿಟ್ ಆಗಬೇಕು. ಇಲ್ಲಿ ದೊಡ್ಡಪ್ಪ ಬಾಯಿ ಹಾಕಿದರು. ಫ್ರಿಜ್ಜಿನ ಹಿಂದೆ, ಕಂಪ್ರೆಸರ್ ಮೇಲೆ ಒಂದು ಚಿಕ್ಕ ಟ್ರೇ ಇರುತ್ತದೆ, ಒಳಗಿನ ನೀರು ಇಳಿದು ಅಲ್ಲಿ ನಿಲ್ಲುತ್ತದೆ. ಡೆಂಗಿ ಸೊಳ್ಳೆಗೆ ನಿಂತ ತಿಳಿನೀರೇ ಬೇಕು. ರಿಪೇರಿಗೆ ಬಂದ ಫ್ರಿಜ್ಜುಗಳ ಟ್ರೇಯಲ್ಲಿ ಹುಳ ಕುಣಿಯುವುದನ್ನು ಅವರು ಎಷ್ಟೋ ಸಲ ನೋಡಿದ್ದಾರಂತೆ. ವಾರಕ್ಕೊಮ್ಮೆ ಚೆಲ್ಲಿ ಉಜ್ಜು. ಮೀನಿನ ತೊಟ್ಟಿ, ಮನಿಪ್ಲಾಂಟ್ ಬಾಟಲಿ ಎಲ್ಲರಿಗೂ ನೆನಪಿರುತ್ತೆ, ಇದು ಇರುವುದಿಲ್ಲ.

ಭೇದಿಯಾದರೆ ಓಆರ್‌ಎಸ್. ಅಂಗಡಿಯಲ್ಲಿ ಹಣ್ಣಿನ ಚಿತ್ರ ಹಾಕಿದ ಟೆಟ್ರಾ ಪ್ಯಾಕುಗಳನ್ನು ಆ ಹೆಸರಿನಲ್ಲಿ ಬಹಳ ಕಾಲ ಮಾರಿದರು. ಅದರಲ್ಲಿ ಸಕ್ಕರೆ ಜಾಸ್ತಿ, ಭೇದಿ ಇನ್ನೂ ಕೆಡುತ್ತೆ. ಸರಿಯಾದ ಸೂತ್ರದಂತೆ ಮಾಡದ ಪಾನೀಯದ ಮೇಲೆ ಓಆರ್‌ಎಸ್ ಅಂತ ಬರೆಯಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿತು. ನೀನು ಪುಡಿಯ ಪೊಟ್ಟಣವನ್ನೇ ತಗೋ. ಹಿಂದೆ 'ಡಬ್ಲ್ಯುಎಚ್‌ಒ ಸೂತ್ರ' ಅಂತ ಬರೆದಿರಬೇಕು. ದೊಡ್ಡ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು. ಲೋಟಕ್ಕಿಷ್ಟು ಅಂತ ಅಂದಾಜಿಗೆ ಬೆರೆಸಬೇಡ. ಸಿಗದಿದ್ದರೆ ಒಂದು ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಜ್ಜಿ ಕಾಲದ ಗಂಜಿ ನೀರಿಗೆ ಉಪ್ಪು ಹಾಕಿದರೂ ನಡೆಯುತ್ತೆ.

ಆಫೀಸಿನಲ್ಲಿ ಟಾಯ್ಲೆಟ್ ಗಲೀಜು ಅಂತ ನೀರೇ ಕುಡಿಯುವುದಿಲ್ಲ ಅಂತ ನಿಮ್ಮಮ್ಮ ದೂರಿದಳು. ಉರಿಮೂತ್ರ ಬಂದು ಜ್ವರ ನಡುಕಕ್ಕೆ ಹೋದ ಹುಡುಗಿಯರನ್ನು ಬಹಳ ನೋಡಿದ್ದೇನೆ. ಇದಕ್ಕೆ ಮೇಲೆ ಹೇಳಲಿಕ್ಕೇನಿಲ್ಲ, ನೀರು ಕುಡಿ. ಹಿಮೋಗ್ಲೋಬಿನ್ ಒಮ್ಮೆ ನೋಡಿಸು, 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿ ಟೀ ಜೊತೆ ಬೇಡ, ನಿಂಬೆಹಣ್ಣಿನ ಪಾನಕದ ಜೊತೆ ತಗೋ.

ಈಗ ದೊಡ್ಡಪ್ಪನ ಪಾಲು. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ.

ಗೀಸರ್ ಇಬ್ಬರಿಗೆ 15 ಲೀಟರ್ ಸಾಕು. 60 ಡಿಗ್ರಿಗೆ ಕಾದ ಅಷ್ಟು ನೀರಿಗೆ ತಣ್ಣೀರು ಬೆರೆಸಿದರೆ ಎರಡು ಬಕೆಟ್ ಹದವಾದ ನೀರು ಬರುತ್ತದೆ. ಎರಡು ಸಾವಿರ ವ್ಯಾಟಿನದಾದರೆ ಇಪ್ಪತ್ತು ನಿಮಿಷ ಮುಂಚೆ ಹಾಕಿ, ಸ್ನಾನಕ್ಕೆ ಇಳಿಯುವ ಮುಂಚೆ ಆರಿಸಿದರಾಯಿತು, ಮುಕ್ಕಾಲು ಯೂನಿಟ್ ಒಳಗೇ ಆಗುತ್ತದೆ. ಅಂಗಡಿಯವನು ಐದು ಸ್ಟಾರ್ ಅಂತ ಒತ್ತಿ ಹೇಳುತ್ತಾನೆ. ಗೀಸರಿನ ಸ್ಟಾರ್ ಅಳೆಯುವುದು ಕಾದ ನೀರು ಸುಮ್ನೆ ನಿಂತಾಗ ಎಷ್ಟು ಬಿಸಿ ಕಳೆದುಕೊಳ್ಳುತ್ತೆ ಅನ್ನುವುದನ್ನು. ದಿನವಿಡೀ ಹಾಕಿಟ್ಟ ಮನೆಗೆ ಅದು ದೊಡ್ಡ ವಿಷಯ. ಸ್ನಾನಕ್ಕೆ ಮಾತ್ರ ಹಾಕುವ ನಿನಗೆ ಅದಕ್ಕಿಂತ ಟ್ಯಾಂಕಿನ ವಾರಂಟಿ ಮುಖ್ಯ. ಟ್ಯಾಂಕಿಗೆ ಎಷ್ಟು ವರ್ಷ, ನೀರು ಕಾಯಿಸುವ ಕಾಯಿಲ್‌ಗೆ ಎಷ್ಟು ವರ್ಷ ಅಂತ ಬೇರೆ ಬೇರೆ ಬರೆದಿರುತ್ತದೆ, ಎರಡನ್ನೂ ಕೇಳು.

ಬೋರ್‌ವೆಲ್ ನೀರಾದರೆ ಇನ್ನೊಂದು ಪ್ರಶ್ನೆ: ಆನೋಡ್ ರಾಡ್ ಬದಲಾಯಿಸಿ ಕೊಡುತ್ತೀರಾ, ಎಷ್ಟು ಖರ್ಚು? ಅದು ಮೆಗ್ನೀಸಿಯಂ ಕಡ್ಡಿ. ಗಡಸು ನೀರು ಟ್ಯಾಂಕನ್ನು ತಿನ್ನುವ ಬದಲು ಅದನ್ನು ತಿನ್ನುತ್ತದೆ. ಹೊಸದರಲ್ಲಿ ಹೆಬ್ಬೆರಳಿನಷ್ಟು ದಪ್ಪ ಇದ್ದದ್ದು, ಬಿಚ್ಚಿ ನೋಡಿದರೆ ತಂತಿಯ ಹಾಗೆ ಸವೆದಿರುತ್ತದೆ. ಅದು ಮುಗಿದ ಮೇಲೆ ಟ್ಯಾಂಕಿನ ಸರದಿ. ಒಂದೆರಡು ವರ್ಷಕ್ಕೊಮ್ಮೆ ನೋಡಿಸಬೇಕು. ಸೇಫ್ಟಿ ವಾಲ್ವಿನಿಂದ ತೊಟ್ಟು ತೊಟ್ಟು ನೀರು ಬಿದ್ದರೆ ಬಟ್ಟೆ ತುರುಕಿ ಮುಚ್ಚಬೇಡ, ಒತ್ತಡ ಹೊರಹೋಗುವ ದಾರಿ ಅದು. ಎತ್ತರದ ಅಪಾರ್ಟ್‌ಮೆಂಟ್ ಅಥವಾ ಪ್ರೆಷರ್ ಪಂಪ್ ಇರುವ ಮನೆಯಾದರೆ 8 ಬಾರ್ ಒತ್ತಡ ತಡೆಯುತ್ತೆ ಅಂತ ಬರೆದದ್ದನ್ನು ತಗೋ. ಗ್ಯಾಸ್ ಗೀಸರ್ ಬಚ್ಚಲ ಒಳಗಂತೂ ಬೇಡವೇ ಬೇಡ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋದವರು ಹಾಗೇ ಬಿದ್ದು ಸತ್ತಿದ್ದಾರೆ.

ಇದೆಲ್ಲಕ್ಕೂ ಮುಂಚೆ ಅರ್ಥಿಂಗ್. ಹಳೇ ಬಾಡಿಗೆ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತೆ, ಮೂರನೆಯದಕ್ಕೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸು. ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇಲ್ಲದಿದ್ದರೆ ಮಾಲೀಕರನ್ನು ಕೇಳು, ಕೊಡದಿದ್ದರೆ ನೀವೇ ಹಾಕಿಸಿ. ಜೀವಕ್ಕಿಂತ ದುಡ್ಡು ದೊಡ್ಡದಲ್ಲ. ಅದರ ಮೇಲೆ 'ಟಿ' ಅಂತ ಇರುವ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತು, ಟಪ್ಪಂತ ಬೀಳಬೇಕು.

ಆರ್‌ಒ ವಿಷಯದಲ್ಲಿ ಮೊದಲು ನೀರು ಯಾವುದು ಅಂತ ತಿಳಿದುಕೋ. ಕಾವೇರಿ ನೀರು ಬರುವ ಮನೆಗೆ ಆರ್‌ಒ ದಂಡ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಅಳತೆ, 500ರ ಒಳಗಿದ್ದರೆ ಸಾಮಾನ್ಯವಾಗಿ ಯುವಿ ಫಿಲ್ಟರ್ ಅಥವಾ ಕುದಿಸಿ ಆರಿಸಿದ ನೀರು ಸಾಕು. ಒಂದು ಲೀಟರ್ ಕೊಟ್ಟು ಎರಡು ಮೂರು ಲೀಟರ್ ಚರಂಡಿಗೆ ಬಿಡುವ ಯಂತ್ರ ಅದು. ಪಾವಗಡದ ಕಡೆಯ ಹಾಗೆ ಫ್ಲೋರೈಡ್ ಇರುವ ಬೋರ್‌ವೆಲ್ ನೀರಿಗೆ ಅದು ಬೇಕೇ ಬೇಕು. ಟ್ಯಾಂಕರ್ ನೀರಾದರೆ ಒಮ್ಮೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸು. ಮೆಷೀನಿನ ಬೆಲೆ ಕೇಳಿ ಬರಬೇಡ, ವರ್ಷಕ್ಕೆ ಫಿಲ್ಟರಿಗೆ ಎಷ್ಟಾಗುತ್ತೆ ಅಂತ ಕೇಳು. ನಿನ್ನ ಅತ್ತೆಯವರಿಗೆ ಸಕ್ಕರೆ ನೋಡುವ ಮೆಷೀನ್ ಕೊಡಿಸುವಾಗಲೂ ಇದೇ ಲೆಕ್ಕ: ಗ್ಲುಕೋಮೀಟರ್ ಅಗ್ಗಕ್ಕೆ ಕೊಟ್ಟು, ರಕ್ತದ ಹನಿ ಹಾಕುವ ಪಟ್ಟಿಯಲ್ಲಿ ದುಡ್ಡು ಎಳೆಯುತ್ತಾರೆ.

ಅವರಿಗೆ ಬಿಪಿ ಮೆಷೀನೂ ಬೇಕು ಅಂದಿದ್ದೆ. ಮಣಿಕಟ್ಟಿನದು ಬೇಡ, ತೋಳಿನದು ಇರಲಿ. ಪಟ್ಟಿ ಅವರ ತೋಳಿನ ದಪ್ಪಕ್ಕೆ ಸರಿಯಾಗಿರಬೇಕು, ಬಿಗಿಯಾದರೆ ಬಿಪಿ ಜಾಸ್ತಿ ತೋರಿಸುತ್ತೆ. ಕಾಫಿ ಕುಡಿದ ಅರ್ಧ ಗಂಟೆ ನೋಡಬಾರದು. ಐದು ನಿಮಿಷ ಬೆನ್ನು ಆನಿಸಿ, ಕಾಲು ನೆಲಕ್ಕೆ ಊರಿ, ಮಾತಾಡದೆ ಕೂರಲಿ. ಮಾತಾಡದೆ ಕೂರುವುದು ಅವರಿಗೆ ಕಷ್ಟ, ಗೊತ್ತು. ಆದರೂ ಎರಡು ಸಲ ನೋಡಿ ಬರೆದಿಟ್ಟುಕೊಳ್ಳಲಿ. ಒಂದು ಸಲ ಜಾಸ್ತಿ ಬಂತು ಅಂತ ಅವರಷ್ಟಕ್ಕೇ ಮಾತ್ರೆ ಹೆಚ್ಚಿಸುವುದು ಬೇಡ.

ಮಿಕ್ಸಿ 500 ವ್ಯಾಟಿನದು ಚಟ್ನಿ ಸಾರಿನಪುಡಿಗೆ ಸಾಕು. ದೋಸೆಹಿಟ್ಟು ರುಬ್ಬುವುದಾದರೆ 750 ಇರಲಿ. ತಳದಲ್ಲಿ ಒಂದು ಚಿಕ್ಕ ಕೆಂಪು ಗುಂಡಿ ಇರುತ್ತದೆ. ಭಾರ ಜಾಸ್ತಿಯಾದಾಗ ಮಿಕ್ಸಿ ತಾನೇ ನಿಂತುಬಿಡುತ್ತದೆ. ಸ್ವಿಚ್ ಆರಿಸಿ, ಜಾರ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಆ ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ. ಸುಟ್ಟುಹೋಯಿತು ಅಂತ ಅಂಗಡಿಗೆ ಹೊತ್ತು ತಂದ ಎಷ್ಟೋ ಮಿಕ್ಸಿಗಳನ್ನು ದೊಡ್ಡಪ್ಪ ಗುಂಡಿ ಒತ್ತಿ ವಾಪಸ್ ಕೊಟ್ಟಿದ್ದಾರೆ, ದುಡ್ಡು ತಗೊಂಡಿಲ್ಲ. (ನನಗೆ ಅದರ ಬಗ್ಗೆ ಸ್ವಲ್ಪ ತಕರಾರಿತ್ತು.)

ಫ್ಯಾನ್ ಬಿಎಲ್‌ಡಿಸಿ ತಗೋ, ಕರೆಂಟ್ ಕಡಿಮೆ ಎಳೆಯುವ ಮೋಟಾರಿನದು. ಹಳೇದು 75 ವ್ಯಾಟ್ ಎಳೆದರೆ ಇದು 30ರ ಆಸುಪಾಸು. ಫ್ರಿಜ್ಜಿಗೆ ಸ್ಟಾರ್ ಎಣಿಸುವುದಕ್ಕಿಂತ ಲೇಬಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುವುದನ್ನು ಹೋಲಿಸು. ಲೇಬಲ್ ಯಾವ ವರ್ಷದ್ದು ಅಂತಲೂ ನೋಡು, ಅಳತೆಗೋಲು ಆಗಾಗ ಬಿಗಿಯಾಗುತ್ತಿರುತ್ತದೆ. ಗೃಹಜ್ಯೋತಿಗೆ ಹೊಸ ಮನೆಯ ಆರ್‌ಆರ್ ನಂಬರ್ ಜೋಡಿಸಲು ಮರೆಯಬೇಡ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ವಾಷಿಂಗ್ ಮೆಷೀನ್ ಮುಂದೆ ಬಾಗಿಲಿನದು ನೀರು ಕಡಿಮೆ ತಗೊಳ್ಳುತ್ತೆ, ಬೆಲೆ ಜಾಸ್ತಿ. ನಿಮ್ಮಿಬ್ಬರ ಬಟ್ಟೆಗೆ ಯಾವುದಾದರೂ ಆದೀತು.

ಕುಕ್ಕರ್, ಗೀಸರ್ ಯಾವುದಕ್ಕೂ ಐಎಸ್‌ಐ ಗುರುತು ನೋಡು. ಅದರ ಕೆಳಗೆ ಸಿಎಂ/ಎಲ್ ಅಂತ ಒಂದು ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಲೈಸೆನ್ಸ್ ನಿಜವೋ ಸುಳ್ಳೋ ಗೊತ್ತಾಗುತ್ತದೆ. ಬಿಲ್ಲನ್ನು ಫೋಟೋ ತೆಗೆದಿಟ್ಟುಕೋ, ಅಂಗಡಿಯ ಬಿಲ್ಲಿನ ಶಾಯಿ ಆರು ತಿಂಗಳಲ್ಲಿ ಮಾಸಿಹೋಗುತ್ತೆ. ಮಾರಿದವರು ಸರ್ವಿಸಿಗೆ ಸತಾಯಿಸಿದರೆ ಗ್ರಾಹಕರ ಸಹಾಯವಾಣಿ 1915.

ಶನಿವಾರ ಅಂಗಡಿಗೆ ಹೋಗುವ ಮುಂಚೆ ನಿಮ್ಮ ಮೀಟರ್ ಬೋರ್ಡಿನ ಫೋಟೋ ಮತ್ತು ಬಚ್ಚಲ ಸಾಕೆಟ್ಟಿನ ಫೋಟೋ ದೊಡ್ಡಪ್ಪನಿಗೆ ಕಳಿಸು. ನೋಡಿ ಹೇಳುತ್ತಾರಂತೆ. ಹುರಿಹಿಟ್ಟು, ಕೊಬ್ಬರಿ ಬಸ್ಸಿನಲ್ಲಿ ಕಳಿಸುತ್ತೇನೆ, ಯಾವ ಸ್ಟ್ಯಾಂಡಿಗೆ ಬೇಕು ಅಂತ ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಮ್ಮ