ಕವರಿನ ಲೆಕ್ಕ ಕೂಡಿಸಿಕೊಟ್ಟವರಿಗೆ

ಆಸ್ತಿ ತಾಯಿಯ ಕಡೆಯಿಂದ ಇಳಿದುಬರುವ ಅಳಿಯಸಂತಾನ ಕುಟುಂಬಗಳ ಪಾಲು ದಾವೆಗಳ ಕುರಿತ ನನ್ನ ಪಿಎಚ್‌ಡಿ ಪ್ರಬಂಧ ಅಂಗೀಕಾರವಾಗಿದೆ. ಕವರು ಎಂದರೆ ಇಂಥ ಕುಟುಂಬದ ಒಂದು ಕವಲು: ಒಬ್ಬ ತಾಯಿ, ಅವಳ ಮಕ್ಕಳು, ಹೆಣ್ಣುಮಕ್ಕಳ ಮೂಲಕ ಮುಂದುವರಿದ ಸಂತತಿ. ಉಡುಪಿಯಲ್ಲಿ ವಕೀಲಿಕೆ, ಜೊತೆಗೆ ಕಾನೂನು ಪಾಠ. ಎರಡರ ನಡುವೆ ಇದು ಮುಗಿದದ್ದು ಹಲವರ ಕೈಯಿಂದ.

ಕಾಲೇಜಿನ ಪ್ರಾಂಶುಪಾಲರಿಗೆ ಮೊದಲ ನಮಸ್ಕಾರ. ವೃತ್ತಿಯಲ್ಲಿರುವ ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಬೋಧಿಸಬಹುದು ಎನ್ನುತ್ತದೆ 1979ರ ನಿಯಮ. ಪೂರ್ಣಾವಧಿ ಸಂಬಳದ ಹುದ್ದೆಯಾದರೆ ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಅಮಾನತಿನಲ್ಲಿಡಬೇಕು. ಪಾಠಗಳನ್ನೆಲ್ಲ ಕೋರ್ಟು ಕೂರುವ ಮೊದಲೇ ಹಾಕಿಕೊಟ್ಟದ್ದರಿಂದ ಯಾವ ಕಕ್ಷಿದಾರರ ವಾಯಿದೆಯೂ ತಪ್ಪಲಿಲ್ಲ.

ವಕೀಲರ ಸಂಘದ ಗ್ರಂಥಪಾಲಕರಿಗೆ ಋಣಿ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಹಳೆಯ ತೀರ್ಪು ಬೇಕೆಂದರೆ ಮದ್ರಾಸ್ ವರದಿಗಳನ್ನೇ ತೆರೆಯಬೇಕು, ಮೈಸೂರಿನದ್ದು ಹುಡುಕಿ ಫಲವಿಲ್ಲ. ರೆಕಾರ್ಡ್ ರೂಮಿನವರ ಉಪಕಾರವೂ ದೊಡ್ಡದು. ದಾವೆ ಇನ್ನೊಂದು ಕೋರ್ಟಿಗೆ ವರ್ಗವಾದಾಗ ನಂಬರು ಬದಲಾಗುತ್ತದೆ. ಹಳೆಯ ನಂಬರು ಹಿಡಿದು ನಕಲು ಅರ್ಜಿ ಹಾಕಿದರೆ 'ಕಡತ ಇಲ್ಲ' ಎಂದು ವಾಪಸ್ಸು. ಹೊಸ ನಂಬರನ್ನು ಅವರೇ ರಿಜಿಸ್ಟರಿನಲ್ಲಿ ಹುಡುಕಿ ಕೊಟ್ಟರು.

ಎಲ್ಲಕ್ಕಿಂತ ಹೆಚ್ಚಿನ ಋಣ ನಮ್ಮ ಸೀನಿಯರ್ ಸರ್ ಅವರದು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಂತೆ, ಕವರಿನಲ್ಲಿ ಐವತ್ತು ತುಂಬದ ಹೆಣ್ಣು ಒಬ್ಬರಾದರೂ ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ. ಕುಟುಂಬದಲ್ಲಿ ಸಂತತಿ ಕವರು ಇರುವಾಗ ನಿಸ್ಸಂತತಿ ಕವರಿಗೆ ಪಾಲಿನಲ್ಲಿ ದಕ್ಕುವುದು ಜೀವಿತಾವಧಿಯ ಹಕ್ಕಷ್ಟೇ. ಇಲ್ಲಿಗೇ ನಿಂತರೆ ಹಂಚಿಕೆಯೆಲ್ಲ ತಪ್ಪುತ್ತದೆ. 1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ 7(2)ನೇ ಕಲಂ ಪ್ರಕಾರ, ಆಮೇಲೆ ತೀರಿಕೊಂಡವರ ಹಿತಾಸಕ್ತಿಯನ್ನು ತಲಾವಾರು ಲೆಕ್ಕ ಹಾಕಿ, ಪೂರ್ಣ ಹಕ್ಕೆಂದೇ ವಾರಸುದಾರರಿಗೆ ಕೊಡಬೇಕು. ಸುಂದರಿ–ಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದಿದೆ (ಎಐಆರ್ ತೀರ್ಪು ವರದಿ, 1980). ಹಾಗಾಗಿ ಸರ್ ಪ್ರತಿ ವಂಶವೃಕ್ಷದ ಮುಂದೆಯೂ ಕೇಳುತ್ತಿದ್ದದ್ದು ಒಂದೇ: 'ಮರಣ 1956ರ ಜೂನ್ 17ಕ್ಕೆ ಮೊದಲೋ, ಆಮೇಲೋ?'

ವಯಸ್ಸಿನ ಮೇಲೇ ಹಕ್ಕು ನಿಂತಿರುವಾಗ ಹೆಣ್ಣುಮಕ್ಕಳ ಹುಟ್ಟಿದ ತಾರೀಕು ಬಾಯಿಮಾತಿನದ್ದಾದರೆ ಸಾಲದು. ದಾಖಲಾತಿ ಪುಸ್ತಕ ತೆರೆದು ತೋರಿಸಿದ ಹಳ್ಳಿ ಶಾಲೆಗಳ ಮುಖ್ಯೋಪಾಧ್ಯಾಯರಿಗೆ ವಂದನೆ. ಅಜ್ಜಿಯ ಹೆಸರನ್ನೇ ಮೊಮ್ಮಗಳಿಗಿಟ್ಟ ಮನೆಗಳಲ್ಲಿ ಯಾರು ಯಾರೆಂದು ಬಿಡಿಸಿ ಹೇಳಿದ ಹಿರಿಯಮ್ಮಂದಿರಿಗೆ ಕೈಮುಗಿಯುತ್ತೇನೆ. ನೀವು ನಂಬಿ ಕೊಟ್ಟ ಪಾಲುಪಟ್ಟಿ, ಗೇಣಿ ಚೀಟಿಗಳ ಮೂಲಪ್ರತಿಗಳನ್ನು ಮನೆಹೆಸರು ಬರೆದ ಲಕೋಟೆಗಳಲ್ಲಿ ಜೋಡಿಸಿದ್ದೇನೆ. ಈ ತಿಂಗಳೊಳಗೆ ನಾನೇ ಮನೆಗೆ ಬಂದು ಒಪ್ಪಿಸುತ್ತೇನೆ.